ಒಂಬತ್ತನೆಯ ಗಂಟೆಯ ಬುದ್ಧಿ

1972ರ ಏಪ್ರಿಲ್ 25ರಂದು ಹಾನ್ಸ್ ವೆರ್ನರ್ ಗ್ರೋಸೆ ಎಂಬ ಜರ್ಮನ್ ಪೈಲಟ್ ಲ್ಯೂಬೆಕ್‌ನಿಂದ ಒಂಟಿ ಆಸನದ ಗ್ಲೈಡರಿನಲ್ಲಿ ಹೊರಟು ಫ್ರಾನ್ಸಿನ ನೈಋತ್ಯ ಮೂಲೆಯ ಬಿಯಾರಿಟ್ಸ್‌ನಲ್ಲಿ ಇಳಿದರು. ದೂರ 1,460 ಕಿ.ಮೀ. ನಮ್ಮೂರ ಹದ್ದು ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೇರುತ್ತದಲ್ಲ, ಅಂಥ ಬಿಸಿಗಾಳಿಯ ಕಂಬಗಳನ್ನು ಒಂದಾದ ಮೇಲೊಂದು ಹಿಡಿದು ಸಾಗಿದ ಹಾರಾಟ. ಅದನ್ನು ಓದಿದಾಗಲೆಲ್ಲ ನನಗೆ ಕಾಣುವುದು ಆ ಇಕ್ಕಟ್ಟಿನ ಗೂಡಿನಲ್ಲಿ ಬೆನ್ನಿಗೆ ಪ್ಯಾರಾಚೂಟ್ ಕಟ್ಟಿಕೊಂಡು, ಕಾಲು ಚಾಚಿ ಅರೆಮಲಗಿ, ಮೈಮುರಿಯಲೂ ಆಗದೆ ದಿನವಿಡೀ ಕೂತ ದೇಹ.

ಆ ದೇಹದ ಮೊದಲ ಚಿಂತೆ ಮೂತ್ರ. ಇದನ್ನು ಹೇಳಲು ಸಂಕೋಚಪಡಬಾರದು, ಏಕೆಂದರೆ ಅಪಾಯ ಹುಟ್ಟುವುದೇ ಸಂಕೋಚದಿಂದ. ನಡುವೆ ಅವಸರವಾದೀತೆಂದು ಬೆಳಿಗ್ಗೆಯಿಂದ ನೀರು ಮುಟ್ಟದವನು ಪಾರದರ್ಶಕ ಮುಚ್ಚಳದ ಕೆಳಗಿನ ಬಿಸಿಲಲ್ಲಿ, ಮೇಲಿನ ಒಣಹವೆಯಲ್ಲಿ, ಮಧ್ಯಾಹ್ನಕ್ಕೇ ಬತ್ತಿಹೋಗುತ್ತಾನೆ. ತಲೆ ನೋಯುತ್ತದೆ, ಲೆಕ್ಕ ತಪ್ಪುತ್ತದೆ. ಕೆಳಗಿನ ಹೊಲ ಇಳಿಯಲು ತಕ್ಕುದೋ ಅಲ್ಲವೋ ಎಂಬ ನಿರ್ಧಾರ ತಡವಾಗುತ್ತದೆ. ಆದ್ದರಿಂದ ಅನುಭವಸ್ಥರು ಗುಟುಕು ಗುಟುಕಾಗಿ ಕುಡಿಯುತ್ತಲೇ ಇರುತ್ತಾರೆ. ನೀರಿನ ಚೀಲ ಬೆನ್ನ ಹಿಂದೆ, ಅದರ ಕೊಳವೆ ಭುಜದ ಪಟ್ಟಿಗೆ ಸಿಕ್ಕಿಸಿದ್ದು. ಬಾಟಲಿಯಾದರೆ ಜಾರಿ ಉರುಳಿ ಪಾದದ ಪೆಡಲಿನ ಬಳಿ ಸಿಕ್ಕಿಕೊಳ್ಳಬಹುದು. ಹೊರಹೋಗುವ ನೀರಿಗೆ ಗಂಡಸರು ಆಸ್ಪತ್ರೆಯಲ್ಲಿ ಬಳಸುವ ಕಾಂಡೋಮ್ ಕ್ಯಾಥೆಟರ್ ತೊಟ್ಟು ಕೊಳವೆಯನ್ನು ಗ್ಲೈಡರಿನ ಹೊಟ್ಟೆಯಿಂದ ಆಚೆ ಬಿಡುತ್ತಾರೆ, ಇಲ್ಲವೇ ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಚೀಲ ಇಟ್ಟುಕೊಳ್ಳುತ್ತಾರೆ. ಹೆಂಗಸರಲ್ಲಿ ಹಲವರು ದೊಡ್ಡವರ ಡೈಪರ್ ನೆಚ್ಚುತ್ತಾರೆ. ಯಾವುದಾದರೂ ಸರಿ, ನೆಲದ ಮೇಲೆ ಪಟ್ಟಿ ಬಿಗಿದು ಕೂತು ಮೊದಲೇ ಪರೀಕ್ಷಿಸಿರಬೇಕು.

ಇನ್ನು ಕೂರುವ ದಿಂಬು. ಮನೆಯ ಸೋಫಾದ ಮೆತ್ತನೆ ಸ್ಪಂಜು ಇಲ್ಲಿ ಶತ್ರು. ಗ್ಲೈಡರ್ ಧಡ್ಡನೆ ನೆಲಕ್ಕೆ ಕುಕ್ಕಿದರೆ ಸ್ಪಂಜು ಮೊದಲು ಪೂರ್ತಿ ಅಮುಕಿಕೊಳ್ಳುತ್ತದೆ. ಅಷ್ಟರಲ್ಲಿ ವೇಗ ಪಡೆದ ಮೈ ಗಟ್ಟಿ ಆಸನಕ್ಕೆ ಬಡಿಯುತ್ತದೆ, ಏಟು ನೇರ ಬೆನ್ನುಮೂಳೆಗೆ. ಇದಕ್ಕಾಗಿಯೇ ತಯಾರಾದ ಫೋಮ್ ಬೇರೆ. ಬೆರಳಿಂದ ಒತ್ತಿ ಬಿಟ್ಟರೆ ಗುಳಿ ಹಾಗೇ ನಿಂತು ನಿಧಾನವಾಗಿ ತುಂಬಿಕೊಳ್ಳುತ್ತದೆ. ಮೆಲ್ಲನೆ ಕೂತರೆ ಮೈಗೆ ಒಗ್ಗುತ್ತದೆ, ಪೆಟ್ಟು ಬಿದ್ದರೆ ಬಿರುಸಾಗಿ ಅದನ್ನು ನುಂಗುತ್ತದೆ. ಸುಖ ಮತ್ತು ರಕ್ಷಣೆ ಒಂದೇ ವಸ್ತುವಿನಲ್ಲಿ ಹೀಗೆ ಸೇರಿರುವುದನ್ನು ಕಂಡರೆ ನನಗೆ ಬಹಳ ಸಂತೋಷ.

ಟೋಪಿಯ ನೆತ್ತಿಯಲ್ಲಿ ಗುಂಡಿ ಇರಬಾರದು. ಕುಲುಕಾಟದಲ್ಲಿ ತಲೆ ಮುಚ್ಚಳಕ್ಕೆ ತಾಗಿದರೆ ಅದೇ ಚುಚ್ಚುತ್ತದೆ. ಮುಂದೆ ಚಾಚಿದ ಗಟ್ಟಿ ಅಂಚೂ ಬೇಡ, ಮೇಲೆ ಸುತ್ತುವ ಇನ್ನೊಂದು ಗ್ಲೈಡರನ್ನು ಅದು ಮರೆಮಾಡುತ್ತದೆ. ಸಾವಿರ ಮೀಟರ್ ಏರಿದರೆ ಹೊರಗಿನ ಹವೆ 6ರಿಂದ 10 ಡಿಗ್ರಿ ತಣ್ಣಗಾಗುತ್ತದೆ. ನೆತ್ತಿ ಸುಡುವಾಗಲೇ ಗ್ಲೈಡರಿನ ಮೂತಿಯ ನೆರಳಲ್ಲಿರುವ ಪಾದ ಮರಗಟ್ಟುತ್ತದೆ, ಉಣ್ಣೆಯ ಕಾಲುಚೀಲ ಬೇಕು. ಇನ್ನೂ ಎತ್ತರಕ್ಕೆ ಹೋಗುವವರಿಗೆ ಮೂಗಿನ ಕೊಳವೆಯ ಆಮ್ಲಜನಕ. ಅದರ ಕೊರತೆ ನೋವಾಗಿ ಬರುವುದಿಲ್ಲ, ಎಲ್ಲ ಚೆನ್ನಾಗಿದೆ ಎಂಬ ಉಲ್ಲಾಸವಾಗಿ ಬರುತ್ತದೆ.

ಗಾಳಿ ಸತ್ತು ಯಾರದೋ ಹೊಲದಲ್ಲಿ ಇಳಿದರೆ, ಗೆಳೆಯರು ಟ್ರೇಲರ್ ಎಳೆದುಕೊಂಡು ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಅದಕ್ಕೆಂದೇ ಒಂದು ಟಾರ್ಚು, ಕೆಸರಲ್ಲಿ ನಡೆಯಬಲ್ಲ ಬೂಟು, ಚಾರ್ಜ್ ಉಳಿದ ಫೋನು, ಮತ್ತೆ ಬೆಳಿಗ್ಗೆ ಬೇರೆಯೇ ತೆಗೆದಿಟ್ಟ ಒಂದು ಲೀಟರ್ ನೀರು.