"ಎಲ್ಲಾ ಕ್ಲೌಡಿನ್ಯಾಗ ಐತಿ, ಬಿಡೋ" ಅನ್ನೋರಿಗೆ

ಭಾಗ 1/5

"ಬ್ಯಾಕಪ್ ಮಾಡೀಯೇನಲೇ?" ಅಂತ ಕ್ಲಾಸಿನ್ಯಾಗ ಯಾರನ್ನ ಕೇಳಿದ್ರೂ ಉತ್ತರ ಒಂದ: "ಎಲ್ಲಾ ಕ್ಲೌಡಿನ್ಯಾಗ ಐತಿ, ಬಿಡೋ."

ನನ್ನ ಜಗಳ ಆ "ಬಿಡೋ" ಜೋಡಿ. ಕ್ಲೌಡ್ ಬ್ಯಾಡ ಅನ್ನಾಂವ ನಾನಲ್ಲ. ಬೇಕ ಬೇಕು. ಆದ್ರ ಅದೊಂದ ಇದ್ರ ಸಾಕು, ಇನ್ನ ನಿಶ್ಚಿಂತಿ ಅನ್ನೋ ನಂಬಿಕಿ ಸುಳ್ಳು. ನಮ್ಮ ಇಡೀ ಬ್ಯಾಚ್ ಈ ಸುಳ್ಳಿನ ಮ್ಯಾಲೆ ಕಾಲ ಚಾಚಿ ಮಲಗೈತಿ.

"ನನ್ನ ಫೋನಿನ್ಯಾಗ ಅಂಥಾದ್ದೇನೈತಿ" ಅನ್ನೋರು ಒಮ್ಮೆ ಎಣಿಸ್ರಿ. ಪ್ರಾಜೆಕ್ಟ್ ರಿಪೋರ್ಟ್, ಫೀ ರಸೀದಿ, ಸ್ಕಾಲರ್‌ಶಿಪ್ ಅರ್ಜಿ, ಟ್ಯಾಲಿ ಪ್ರಾಕ್ಟಿಕಲ್ ಫೈಲು. ಇವೆಲ್ಲ ಹೋದ್ರ ಓಡಾಡಿ ಮತ್ತ ತರಬಹುದು. ಮಾರ್ಕ್ಸ್ ಕಾರ್ಡಿಗೆ ಡಿಜಿಲಾಕರ್ ಐತಿ. ಆದ್ರ ಅಜ್ಜಿ ಬೀಸೂಕಲ್ಲಿನ ಪದ ಹಾಡಿದ ವಾಯ್ಸ್ ನೋಟ್? ಅದರ ಡುಪ್ಲಿಕೇಟ್ ಯಾವ ಆಫೀಸೂ ಕೊಡಂಗಿಲ್ಲ.

ಫೋನ್ ಹೋಗಾಕ ದೊಡ್ಡ ಅನಾಹುತ ಬೇಕಾಗಿಲ್ಲ. ಜುಬಿಲಿ ಸರ್ಕಲ್‌ನ್ಯಾಗ ಚಿಗರಿ ಬಸ್ ಹತ್ತೂ ಗದ್ದಲ ಸಾಕು. ಕೆಲಗೇರಿ ಕೆರಿ ದಂಡಿಮ್ಯಾಲೆ ಒಂದು ಸೆಲ್ಫಿ ಸಾಕು. ನಮ್ಮೂರ ಜಿಟಿಜಿಟಿ ಮಳಿ ಅಂತೂ ಐತೇ ಐತಿ.

ಭಾಗ 2/5

ಈಗ ನಿಮ್ಮ "ಎಲ್ಲಾ ಐತಿ" ಅನ್ನೋ ಮಾತನ್ನ ಪರೀಕ್ಷೆ ಮಾಡೋಣು.

ಗೂಗಲ್ ಪುಕ್ಕಟೆ ಕೊಡೋದು 15 ಜಿಬಿ. ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಅಷ್ಟ. "ಗೂಗಲ್ ಫೋಟೋಸ್‌ನ್ಯಾಗ ಎಷ್ಟ ಬೇಕಾದ್ರೂ ಇಡಬಹುದು" ಅನ್ನೋ ಕಾಲ 2021ರ ಜೂನ್ 1ಕ್ಕೇ ಮುಗೀತು. 2024ರಾಗ ಆಂಡ್ರಾಯ್ಡ್ ಫೋನಿನ ವಾಟ್ಸ್ಯಾಪ್ ಬ್ಯಾಕಪ್ ಕೂಡ ಇದ ಲೆಕ್ಕಕ್ಕ ಬಂತು. ಐಫೋನ್ ಇದ್ದೋರಿಗೆ ಐಕ್ಲೌಡ್ ಪುಕ್ಕಟೆ ಕೊಡೋದು ಬರೇ 5 ಜಿಬಿ.

ಜಾಗ ತುಂಬಿದ ಮ್ಯಾಲೆ ಬ್ಯಾಕಪ್ ನಿಲ್ತದ. "ಸ್ಟೋರೇಜ್ ಫುಲ್" ಅಂತ ನೋಟಿಫಿಕೇಶನ್ ಬರ್ತದ, ನಾವು ಬೆರಳಿಂದ ಆಚೆ ಸರಿಸ್ತೀವಿ. ಜಿಮೇಲಿಗೆ ಹೊಸ ಮೇಲ್ ಬರೋದೂ ನಿಲ್ತದ. ಪ್ಲೇಸ್‌ಮೆಂಟ್ ಟೈಮಿನ್ಯಾಗ ಅದರ ಅರ್ಥ ಏನಂತ ಕಾಮರ್ಸ್ ಹುಡುಗರಿಗೆ ಬಿಡಿಸಿ ಹೇಳಬೇಕೇನ್ರಿ?

ಇನ್ನೊಂದು. ಗೂಗಲ್ ಫೋಟೋಸ್ ತಾನಾಗೇ ಬ್ಯಾಕಪ್ ಮಾಡೋದು ಕ್ಯಾಮೆರಾದ ಫೋಟೋಗಳನ್ನ. ವಾಟ್ಸ್ಯಾಪಿನ್ಯಾಗ ಬಂದ ಫೋಟೋ ಬೇಕಂದ್ರ ಆ ಫೋಲ್ಡರನ್ನ ನೀವ ಆನ್ ಮಾಡಬೇಕು. ಅಕ್ಕನ ಮದುವಿ ಫೋಟೋ ಎಲ್ಲಾ ಬಂದಿದ್ದು ಫ್ಯಾಮಿಲಿ ಗ್ರೂಪಿಗೆ ತಾನೇ? ಈಗ ಹೋಗಿ ನೋಡ್ರಿ.

ಎಲ್ಲಾಕ್ಕಿಂತ ದೊಡ್ಡ ಮೋಸ "ಫ್ರೀ ಅಪ್ ಸ್ಪೇಸ್" ಬಟನ್. ಅದನ್ನ ಒತ್ತಿದಾಗ ಫೋನಿನ್ಯಾಗಿನ ಪ್ರತಿ ಅಳಿಸಿ ಹೋಗಿ ಕ್ಲೌಡಿನ್ಯಾಗ ಒಂದೇ ಪ್ರತಿ ಉಳೀತದ. ಆಮ್ಯಾಲೆ ಆಪ್‌ನ್ಯಾಗ ಕೈತಪ್ಪಿ ಡಿಲೀಟ್ ಮಾಡಿದ್ರ ಆ ಒಂದೂ ಹೋತು. ಟ್ರ್ಯಾಶ್‌ನ್ಯಾಗ 60 ದಿನ ಇರ್ತದ, ಅಷ್ಟ. ಒಂದೇ ಪ್ರತಿ ಇದ್ರ ಅದು ಮೂಲಪ್ರತಿ. ಅದಕ್ಕ ಬ್ಯಾಕಪ್ ಅನ್ನಬ್ಯಾಡ್ರಿ.

ಭಾಗ 3/5

"ಫೋನ್ ಕಳದ್ರ ಹೊಸಾದ್ರಾಗ ಲಾಗಿನ್ ಆಗ್ತೀನಿ." ಹೆಂಗ ಆಗ್ತೀರಿ? ಒಟಿಪಿ ಬರೋದು ಕಳದ ಸಿಮ್ಮಿಗೆ. ಪಾಸ್‌ವರ್ಡ್ ಸೇವ್ ಆಗಿದ್ದು ಕಳದ ಫೋನಿನ್ಯಾಗ. ಕೀಲಿಕೈ ಪೆಟಿಗಿಯೊಳಗ ಇಟ್ಟು ಪೆಟಿಗಿಗೆ ಕೀಲಿ ಜಡಿದಂಗಾತು.

ನಮ್ಮ ಅವ್ವ-ಅಪ್ಪಂದು ಇನ್ನೂ ಕಷ್ಟ. ಎಷ್ಟೋ ಮನಿಯೊಳಗ ಅವರ ಜಿಮೇಲ್ ಐಡಿ ಮಾಡಿಕೊಟ್ಟಾಂವ ಮೊಬೈಲ್ ಅಂಗಡಿಯಾಂವ. ಪಾಸ್‌ವರ್ಡ್ ಇವರಿಗೂ ಗೊತ್ತಿಲ್ಲ, ಅವಂಗೂ ನೆನಪಿಲ್ಲ. ಫೋನ್ ಬದಲಿಸಿದಾಗ ಮತ್ತೊಂದು ಹೊಸ ಐಡಿ. ಹಳೇ ಐಡಿಯೊಳಗಿನ ಫೋಟೋ? ಎರಡು ವರ್ಷ ಯಾರೂ ಬಳಸದ ಖಾತೆಗಳನ್ನ ಗೂಗಲ್ 2023ರ ಡಿಸೆಂಬರಿನಿಂದ ಅಳಿಸಲಿಕ್ಕೆ ಶುರು ಮಾಡೇತಿ.

"ದೊಡ್ಡ ಕಂಪನಿಗಳ ಸರ್ವರ್ ಎಲ್ಲಿ ಹಾಳಾಗ್ತಾವ" ಅನ್ನೋರಿಗೆ ದಕ್ಷಿಣ ಕೊರಿಯಾದ ಕಥಿ. 2025ರ ಸೆಪ್ಟೆಂಬರ್ 26ಕ್ಕ ದೇಜಾನ್ ಊರಿನ ಸರಕಾರಿ ಡೇಟಾ ಸೆಂಟರಿಗೆ ಬ್ಯಾಟರಿಯಿಂದ ಬೆಂಕಿ ಬಿತ್ತು. ಸರಕಾರಿ ನೌಕರರು ತಮ್ಮ ಕೆಲಸದ ಕಡತ ಇಡ್ತಿದ್ದ ಜಿ-ಡ್ರೈವ್ ಅನ್ನೋ ಕ್ಲೌಡ್ ಸುಟ್ಟು ಹೋತು. 858 ಟೆರಾಬೈಟ್! ಹೊರಗ ಇನ್ನೊಂದು ಪ್ರತಿ ಇರಲಿಲ್ಲ. ಡೇಟಾ ಭಾಳ ದೊಡ್ಡದು, ಅದಕ್ಕ ಬ್ಯಾಕಪ್ ಇಟ್ಟಿಲ್ಲ ಅನ್ನೋದು ಅವರ ಕಾರಣ. ಟೆಕ್ನಾಲಜಿಗೆ ಹೆಸರಾದ ದೇಶದ ಸರಕಾರವೂ "ಕ್ಲೌಡಿನ್ಯಾಗ ಐತಿ, ಬಿಡೋ" ಅಂತ ಕೂತಿತ್ತು.

ಭಾಗ 4/5

ನಾವು ಬಿಕಾಂನವರು. ಲೆಕ್ಕದ ಪುಸ್ತಕದ ಬೆಲೆ ನಮಗ ಗೊತ್ತಿರಬೇಕು. 2022ರ ಆಗಸ್ಟಿನ್ಯಾಗ ಕೇಂದ್ರ ಸರಕಾರ ಕಂಪನಿಗಳ ಲೆಕ್ಕಪತ್ರದ ನಿಯಮಕ್ಕ ತಿದ್ದುಪಡಿ ತಂತು. ಕಂಪ್ಯೂಟರಿನ್ಯಾಗ ಇಟ್ಟ ಲೆಕ್ಕದ ಪುಸ್ತಕಗಳ ಬ್ಯಾಕಪ್ ಭಾರತದೊಳಗಿನ ಸರ್ವರಿನ್ಯಾಗ ದಿನಾ ಆಗಬೇಕು. ಅದಕ್ಕೂ ಮೊದಲು "ಕಾಲಕಾಲಕ್ಕೆ" ಅಂತಿತ್ತು, ಈಗ "ದಿನಾ" ಆಗೇತಿ. ರೊಕ್ಕದ ಲೆಕ್ಕಕ್ಕ ಇಷ್ಟು ಕಾಳಜಿ. ನಮ್ಮ ಮನಿ ನೆನಪಿಗೆ ಎಷ್ಟು?

ಇದೇನು ಹೊಸಾ ಬುದ್ಧಿ ಅಲ್ಲ. ಲಕ್ಕುಂಡಿ ನಮ್ಮ ಪಕ್ಕದ ಗದಗ ಜಿಲ್ಲಾದಾಗ ಐತಿ. ಸಾವಿರ ವರ್ಷದ ಹಿಂದ ಅಲ್ಲಿ ಬಸದಿ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನ ಕವಿಯ ಶಾಂತಿಪುರಾಣದ 1000 ಓಲೆ ಪ್ರತಿ ಬರೆಸಿ ಹಂಚಿದಳು. ಒಂದೊಂದು ಅಕ್ಷರ ಕೈಯಿಂದ ಕೊರೀಬೇಕಾದ ಕಾಲ ಅದು. ಶಾಂತಿಪುರಾಣ ಇವತ್ತಿಗೂ ನಮಗ ಓದಲಿಕ್ಕೆ ಸಿಗ್ತದ. ಅದೇ ಪೊನ್ನನ ಭುವನೈಕರಾಮಾಭ್ಯುದಯ ಸಿಕ್ಕಿಲ್ಲ. ರನ್ನನ ಪರಶುರಾಮಚರಿತವೂ ಸಿಕ್ಕಿಲ್ಲ. ಪದ್ಯ ಎಷ್ಟ ಚಂದ ಇದ್ರೇನು, ಪ್ರತಿ ಉಳೀಲಿಲ್ಲ ಅಂದ್ರ ಬರೇ ಹೆಸರು ಉಳೀತದ.

ಆಕಿಗೆ ಕಂಠದ ಲೇಖನಿ ಮತ್ತ ಓಲೆಗರಿ. ನಮಗ ಒಂದು ಕೇಬಲ್. ಆದ್ರೂ ಟೈಮಿಲ್ಲ ಅಂತೀವಿ!

ಭಾಗ 5/5

ಕಾಮೆಂಟಿನ್ಯಾಗ ಬರೂ ಪ್ರಶ್ನೆಗೆ ಮೊದಲ ಉತ್ತರ.

"ನನ್ನ ಖಾಸಗಿ ಫೋಟೋ ಕಂಪನಿ ಕೈಯಾಗ ಯಾಕ ಕೊಡ್ಲಿ?" ನ್ಯಾಯವಾದ ಪ್ರಶ್ನೆ. ಬ್ಯಾಡಾದ್ದನ್ನ ಕ್ಲೌಡಿಗೆ ಹಾಕಬ್ಯಾಡ್ರಿ, ನಿಮ್ಮ ಡಿಸ್ಕಿನ್ಯಾಗ ಎರಡು ಕಡೆ ಇಡ್ರಿ. ವಾಟ್ಸ್ಯಾಪ್ ಬ್ಯಾಕಪ್ಪಿಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಐತಿ, ಸೆಟ್ಟಿಂಗ್ಸಿಗೆ ಹೋಗಿ ನೀವ ಆನ್ ಮಾಡಬೇಕು. ಆದ್ರ ಆ ಪಾಸ್‌ವರ್ಡ್ ಮರೆತ್ರ ವಾಟ್ಸ್ಯಾಪಿನವರೂ ತೆಗೆದುಕೊಡಂಗಿಲ್ಲ.

"ಹಾರ್ಡ್ ಡಿಸ್ಕಿಗೆ ರೊಕ್ಕಿಲ್ಲ." ಟೆರಾಬೈಟ್ ಯಾರು ಕೇಳ್ಯಾರ? ಮದಲು ಮತ್ತ ಸಿಗಲಾರದ್ದನ್ನ ಆರಿಸ್ರಿ. ಅಜ್ಜಿ ದನಿ, ಮನಿ ಫೋಟೋ, ನೀವ ಬರೆದದ್ದು. ಒಂದು ಪೆನ್ ಡ್ರೈವಿನ್ಯಾಗ ಹಿಡೀತದ. ಪೆನ್ ಡ್ರೈವೂ ಕೆಡ್ತದ, ಖರೇ. ಅದಕ್ಕ ಅಲ್ಲೇನು, ಕ್ಲೌಡೂ ಬೇಕು ಅಂದಿದ್ದು.

ಈ ರವಿವಾರ ಇಷ್ಟ ಮಾಡ್ರಿ:

• ಒಂದು ಪ್ರತಿ ಕ್ಲೌಡಿನ್ಯಾಗ, ಒಂದು ಮನಿಯೊಳಗ.
• ಗೂಗಲ್ ಖಾತೆಯ 10 ಬ್ಯಾಕಪ್ ಕೋಡ್ ಹಾಳಿಮ್ಯಾಲೆ ಬರೆದು ಮಾರ್ಕ್ಸ್ ಕಾರ್ಡಿನ ಫೈಲಿನ್ಯಾಗ ಇಡ್ರಿ.
• ಅವ್ವ-ಅಪ್ಪನ ಫೋನಿನ್ಯಾಗ ಯಾವ ಐಡಿ ಐತಿ, ಪಾಸ್‌ವರ್ಡ್ ಏನು ನೋಡ್ರಿ. ಹಳೇ ಐಡಿ ನೆನಪಿದ್ರ ಇವತ್ತ ಲಾಗಿನ್ ಆಗ್ರಿ.
• ಬ್ಯಾಕಪ್ಪಿನಿಂದ ಒಂದು ಹಳೇ ಫೈಲ್ ವಾಪಸ್ ತಗದು ತೆರೆದು ನೋಡ್ರಿ. ತೆರೆದು ನೋಡದ ಬ್ಯಾಕಪ್ ಅಂದ್ರ ಟ್ರಯಲ್ ಬ್ಯಾಲೆನ್ಸ್ ಹಾಕದ ಲೆಡ್ಜರ್.

ಮಾಡಿದವರು ಕೆಳಗ "ಆತು" ಅಂತ ಬರೀರಿ. ಮಾಡಲಾರದವರು "ಬಿಡೋ" ಅಂತ ಬರೀರಿ. ಬ್ಯಾರೆ ಏನ ಮರೆತ್ರೂ ಇದನ್ನ ಮಾತ್ರ ಬಿಡಬ್ಯಾಡ್ರಿ: ಅಜ್ಜಿ ಪದದ್ದು ಎರಡು ಪ್ರತಿ, ಎರಡು ಜಾಗದಾಗ.

#ಕೆಲಗೇರಿ #ಧಾರವಾಡ #ಬಿಕಾಂ #ಎರಡುಪ್ರತಿ