ತಪ್ಪು ಮಾತಿಗೊಂದು ಮೇಜು

ವಿಶ್ವವಿದ್ಯಾಲಯಗಳ ಜರ್ಮನ್ ಭಾಷಾ ಸಂಘಗಳಲ್ಲಿ ‘ಶ್ಟಾಮ್‌ಟಿಶ್’ ಎಂಬ ರೂಢಿಯಿದೆ. ಜರ್ಮನಿಯ ಊಟದ ಮನೆಗಳಲ್ಲಿ ನಿತ್ಯದ ಗಿರಾಕಿಗಳಿಗೆಂದು ಕಾದಿರಿಸಿದ ಮೇಜಿಗೆ ಆ ಹೆಸರು. ಸಂಘದವರು ಅದನ್ನೇ ಎರವಲು ಪಡೆದು ವಾರಕ್ಕೊಮ್ಮೆ ಒಂದು ಮೇಜಿನ ಸುತ್ತ ಕೂಡುತ್ತಾರೆ. ನಿಯಮ ಒಂದೇ: ಬಂದಷ್ಟು ಜರ್ಮನ್‌ನಲ್ಲಿ ಮಾತನಾಡಬೇಕು. ಮೊನ್ನೆಯಷ್ಟೇ ವರ್ಣಮಾಲೆ ಕಲಿತವರಿಗೂ ಅಲ್ಲಿ ಕುರ್ಚಿಯುಂಟು. ಹಾರ, ಭಾಷಣ, ಮುಖ್ಯ ಅತಿಥಿಗಳ ಗೊಡವೆಯಿಲ್ಲ. ನವೆಂಬರ್ 11ರ ಸಂತ ಮಾರ್ಟಿನ್ ದಿನದ ಕಾಗದದ ಲಾಂದ್ರವಾಗಲಿ, ಡಿಸೆಂಬರ್ 6ರ ನಿಕೊಲಾಸ್ ದಿನದಂದು ಬೂಟಿನೊಳಗೆ ಇಡುವ ಸಿಹಿಯಾಗಲಿ, ಎಲ್ಲವೂ ಮಾತಿಗೊಂದು ನೆಪ.

ಪುಣೆಯಲ್ಲಿ ಓದುತ್ತಿರುವ ನಮ್ಮ ಮಗಳು ಇಂಥದೊಂದು ಸಂಘದ ಸದಸ್ಯೆ. ಒಂದು ಸಂಜೆ ಅವಳನ್ನು ಕರೆತರಲು ಹೋದವರು ಬಾಗಿಲ ಬಳಿ ನಿಂತು ಕೇಳಿದೆವು. ಅರ್ಥವಾಗದಿದ್ದರೂ ಅವಳ ದನಿಯಲ್ಲಿ ಅಳುಕಿಲ್ಲವೆಂಬುದು ತಿಳಿಯಿತು. ಹತ್ತು ವಾಕ್ಯದಲ್ಲಿ ಎಂಟು ತಪ್ಪು ಎಂದು ಹಿಂದಿರುಗುವಾಗ ಅವಳೇ ನಕ್ಕಳು. ಆ ಭಾಷೆಯಲ್ಲಿ ‘ಹುಡುಗಿ’ ಎಂಬರ್ಥದ ‘ಮೇಡ್‌ಶೆನ್’ ನಪುಂಸಕಲಿಂಗವಂತೆ. ತಪ್ಪದೆ ಇರುವುದು ಹೇಗೆ? ಯಾರೂ ಅವಳನ್ನು ತಡೆಯುವುದಿಲ್ಲ. ಎದುರಿಗಿದ್ದವರು ಉತ್ತರ ಕೊಡುವಾಗ ಸರಿಯಾದ ರೂಪವನ್ನು ಬಳಸುತ್ತಾರೆ, ಇವಳು ಕೇಳಿ ತಿದ್ದಿಕೊಳ್ಳುತ್ತಾಳೆ. “ಅಧೀನ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಮ್ಮ ಕನ್ನಡದ ಹಾಗೆ” ಎಂದೂ ಹೇಳಿದಳು. ಹೇಳಿದ್ದು ಹಿಂದಿಯಲ್ಲಿ.

ಇದಕ್ಕೆ ಹೊಣೆ ನಾವೇ. ಕೇಂದ್ರ ಸರ್ಕಾರದ ನೌಕರಿ ನಮ್ಮನ್ನು ದೆಹಲಿಗೆ ಕರೆದೊಯ್ದಿದ್ದ ಕಾಲ. ಆರು ವರ್ಷದ ಮಗು ನೆಂಟರ ಮುಂದೆ “ಅಜ್ಜಿ ಬಂತು” ಎಂದಿತು. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಾವು. ಬಂದವರಿಗೆಲ್ಲ ಅದನ್ನು ವಿನೋದವೆಂದು ವರ್ಷಗಟ್ಟಲೆ ಹೇಳಿದೆವು. ಮಗು ಕ್ರಮೇಣ ಕನ್ನಡದಲ್ಲಿ ಉತ್ತರಿಸುವುದನ್ನೇ ಬಿಟ್ಟಿತು. ಕನ್ನಡ ಮಾಧ್ಯಮದಿಂದ ಬಂದು, ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಬಾಯಿ ತೆರೆಯಲು ಬೆವರಿದ ನಮಗೆ ಆ ನಗೆಯ ಇರಿತ ಗೊತ್ತಿರಬೇಕಿತ್ತು.

ಜರ್ಮನ್ ಕಲಿತರೆ ಚಾಕಣದ ಕಾರು ಕಾರ್ಖಾನೆಗಳಲ್ಲಿ ಕೆಲಸ ಸಿಕ್ಕೀತು, ಹೊರನಾಡಿನಲ್ಲಿ ಕನ್ನಡದಿಂದ ಏನು ಸಿಗುತ್ತದೆ ಎಂದು ಕೇಳುವವರಿದ್ದಾರೆ. ಆದರೆ ಆ ಮೇಜಿನಲ್ಲಿ ಅಂಕವಿಲ್ಲ, ಪ್ರಮಾಣಪತ್ರವಿಲ್ಲ. ಆದರೂ ಮಕ್ಕಳು ಹೋಗುತ್ತಾರೆ. ತಿದ್ದದಿದ್ದರೆ ಭಾಷೆ ಕೆಡುವುದೆಂಬ ಆತಂಕವೂ ಉಂಟು. ತಿದ್ದಬಾರದೆಂದು ನಾವು ಹೇಳುತ್ತಿಲ್ಲ. ನಗದೆ ತಿದ್ದಬಹುದು ಎನ್ನುತ್ತಿದ್ದೇವೆ. 1853ರಲ್ಲಿ ನಮ್ಮ ನಾಡಿಗೆ ಬಂದ ಜರ್ಮನ್ ಪಾದ್ರಿ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾದುದು 1894ರಲ್ಲಿ. ಆ ನಾಲ್ಕು ದಶಕಗಳ ಆರಂಭದಲ್ಲಿ ಅವರೂ ತಡವರಿಸದೆ ಇದ್ದಿರಲಾರರು. ಪರದೇಶದವರ ತೊದಲನ್ನು ಆಲಿಸಿದ ನಾಡು ತನ್ನ ಮೊಮ್ಮಕ್ಕಳ ತೊದಲನ್ನು ಆಲಿಸಲಾರದೇ?

ನಮ್ಮ ಹೊರನಾಡ ಸಂಘಗಳು ರಾಜ್ಯೋತ್ಸವವನ್ನು ಅದ್ದೂರಿಯಾಗಿ ಆಚರಿಸುತ್ತವೆ. ವೇದಿಕೆಯ ಮೇಲೆ ಮಕ್ಕಳು ಬಾಯಿಪಾಠದ ಪದ್ಯವನ್ನು ತಪ್ಪಿಲ್ಲದೆ ಒಪ್ಪಿಸಿ ಇಳಿಯುತ್ತಾರೆ, ಇಳಿದೊಡನೆ ಬೇರೆ ಭಾಷೆಗೆ ಹೊರಳುತ್ತಾರೆ. ಆ ಉತ್ಸವ ಬೇಡವೆನ್ನುವುದಿಲ್ಲ. ಅದರ ಜೊತೆಗೆ ವಾರಕ್ಕೊಂದು ಸಂಜೆ, ಒಂದು ಮೇಜು, ಒಂದಿಷ್ಟು ಕಾಫಿ ಇರಲಿ. ಧ್ವನಿವರ್ಧಕ ಬೇಡ. ಮಕ್ಕಳಿಗೆ ನಿಯಮವೇ ಬೇಡ. ಹಿರಿಯರಿಗೆ ಮಾತ್ರ ಒಂದು, ನಗಬಾರದು.

ಅಂಥ ಮೇಜನ್ನು ನಮ್ಮ ಮನೆಯಲ್ಲೇ ಹಾಕಿದರೆ ಬರುವೆಯಾ ಎಂದು ಮಗಳನ್ನು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಹುಕಾಲದ ಮೇಲೆ ಕನ್ನಡದಲ್ಲಿ ಕೇಳಿದಳು: “ನೀವು ನಗಲ್ಲ ತಾನೇ?”