ಯಾರಿಗೆ ಹೆದರಿ ಅಡಗಿದರು?

"ತಮ್ಮಾ, ನೀ ಒಯ್ದ ರಕ್ತ ಏನ್ ಹೇಳ್ತು?"

ಉತ್ತರ ಕರ್ನಾಟಕದ ಒಂದು ಊರು, ಬಸ್‌ಸ್ಟ್ಯಾಂಡಿನ ಹಿಂದಿನ ಓಣಿ. ಆರು ತಿಂಗಳ ಹಿಂದೆ ಒಂದು ಬಾಡಿಗೆ ಕೋಣೆಯಲ್ಲಿ ಆಕೆಯ ತೋಳಿಗೆ ರಬ್ಬರ್ ಪಟ್ಟಿ ಬಿಗಿದಾಗ ಎದುರಿಗೆ ಕೂತು ಎಚ್‌ಐವಿ ಸಮೀಕ್ಷೆಯ ಪ್ರಶ್ನಾವಳಿ ತುಂಬಿದವನು ನಾನು. ವಾರಕ್ಕೆ ಎಷ್ಟು ಗಿರಾಕಿ, ಯಾರ ಜೊತೆ ಕಾಂಡೋಮ್ ಬಳಸಲಿಲ್ಲ, ಪೊಲೀಸರು ಕಡೆಯ ಸಲ ಹೊಡೆದದ್ದು ಯಾವಾಗ. ಎಲ್ಲದಕ್ಕೂ ಆಕೆ ಉತ್ತರ ಕೊಟ್ಟಿದ್ದಳು. ಈಗ ಆಕೆ ಕೇಳಿದ್ದು ಒಂದೇ ಒಂದು, ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

"ಹೆಸರ ಬರಕೊಂಡಿಲ್ಲಕ್ಕಾ, ಬರೇ ನಂಬರ್. ಯಾರ ರಕ್ತ ಯಾವ್ದಂತ ಗೊತ್ತಾಗಂಗಿಲ್ಲ."

"ಹೆಸರ ಬ್ಯಾಡ ಬಿಡು. ನನ್ನ ಮಾರಿ ಗುರ್ತ ಐತಲ್ಲ ನಿನಗ?"

ಆ ಮಾತು ಚುಚ್ಚಿದ ಜಾಗ ಇನ್ನೂ ಮಾಗಿಲ್ಲ.

ಸಂಶೋಧಕರ ಕಾಗದಗಳಲ್ಲಿ ಆಕೆಗೆ 'ಮರೆಯಲ್ಲಿರುವ ಸಮುದಾಯ' ಎಂದು ಹೆಸರು. ಲೈಂಗಿಕ ಕಾರ್ಯಕರ್ತೆಯರು, ಹಿಜ್ರಾಗಳು, ನಶೆಯ ಸೂಜಿ ಚುಚ್ಚಿಕೊಳ್ಳುವವರು, ಎಲ್ಲರೂ ಅದೇ ಗಂಟಿನಲ್ಲಿ. ಯಾರಿಗೆ ಮರೆ? ಓಣಿಯ ಕಿರಾಣಿ ಅಂಗಡಿಯವನಿಗೆ ಆಕೆ ಗೊತ್ತು. ಆಟೋದವನಿಗೆ, ಲಾಡ್ಜಿನ ಮ್ಯಾನೇಜರನಿಗೆ, ವಾರವಾರ ಹಫ್ತಾ ಕೀಳುವ ಪೇದೆಗೆ ಗೊತ್ತು. ಎಳೆಯ ವಯಸ್ಸಿನಲ್ಲಿ ಮುತ್ತು ಕಟ್ಟಿಸಿ ದೇವದಾಸಿ ಮಾಡಿದವರಿಗಂತೂ ಚೆನ್ನಾಗಿ ಗೊತ್ತು. ಆಕೆ ಕಣ್ಣಿಗೆ ಬೀಳದಿರುವುದು ರೇಷನ್ ಕಾರ್ಡು ಬರೆಯುವವನಿಗೆ, ಬಾಡಿಗೆಗೆ ಮನೆ ಕೊಡುವವನಿಗೆ, ಹೆರಿಗೆ ವಾರ್ಡಿನಲ್ಲಿ ಹಾಸಿಗೆ ಹಂಚುವವರಿಗೆ. ಲಾಠಿಗೆ ಹೆದರಿ, ಊರಿನ ನಾಲಿಗೆಗೆ ಹೆದರಿ ಅಡಗಿದವರನ್ನು ಹುಟ್ಟಾ ಅಡಗಿದವರೆಂದು ಕರೆಯುವುದು ಸುಳ್ಳು. ಅಟ್ಟಿಸಿಕೊಂಡು ಹೋದವರ ಹೆಸರು ಆ ಕಾಗದಗಳಲ್ಲಿ ಎಲ್ಲಿದೆ?

ಹೀಗೆ ಅಡಗಿದವರನ್ನು ಸ್ಯಾಂಪಲ್ಲಿಗೆ ಕರೆತರಲು ಒಂದು ವಿಧಾನವಿದೆ. 1997ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಡಗ್ಲಾಸ್ ಹೆಕಾಥಾರ್ನ್ ಅದನ್ನು ಮುಂದಿಟ್ಟ. ಮೊದಲು ಕೆಲವರನ್ನು ಆರಿಸುತ್ತಾರೆ, ಅವರನ್ನು 'ಬೀಜ' ಎನ್ನುತ್ತಾರೆ. ಒಬ್ಬೊಬ್ಬರ ಕೈಗೆ ಸಾಮಾನ್ಯವಾಗಿ ಮೂರು ಕೂಪನ್. ಆಕೆ ತನ್ನ ಗೆಳತಿಯರಿಗೆ ಹಂಚಬೇಕು, ಬಂದ ಗೆಳತಿಗೆ ಮತ್ತೆ ಮೂರು. ರಕ್ತ ಕೊಟ್ಟದ್ದಕ್ಕೆ ಒಂದಿಷ್ಟು ದುಡ್ಡು, ಗೆಳತಿಯನ್ನು ಕರೆತಂದದ್ದಕ್ಕೆ ಇನ್ನೊಂದಿಷ್ಟು. ಇದರಲ್ಲಿ ಒಳ್ಳೆಯದೂ ಇದೆ, ಅದನ್ನು ಮುಚ್ಚಿಡುವುದಿಲ್ಲ: ಯಾರೂ ಯಾರ ಹೆಸರನ್ನೂ ನಮಗೆ ಹೇಳಬೇಕಿಲ್ಲ, ಬರುವವಳು ತಾನಾಗಿ ಬರುತ್ತಾಳೆ. ಆದರೆ ಆ ಕೂಪನ್ ಓಡುವುದು ಯಾವ ದಾರಿಯಲ್ಲಿ? ಸ್ಟೇಷನ್ನಿಗೆ ಎಳೆದೊಯ್ದ ರಾತ್ರಿ ಜಾಮೀನಿಗೆ ಓಡಿ ಬಂದವಳು, ಗಿರಾಕಿ ಬಂದಾಗ ಕೂಸನ್ನು ಎತ್ತಿಕೊಂಡು ಹೊರಗೆ ಕೂತವಳು, ಜ್ವರದಲ್ಲಿ ಗಂಜಿ ಕಾಯಿಸಿಕೊಟ್ಟವಳು. ಆ ನಂಬಿಕೆಯ ಮೇಲೆ ನಾವು ನಡೆದುಹೋದೆವು. 'ನಿಮಗೆ ಎಷ್ಟು ಜನ ಗೊತ್ತು?' ಎಂದು ಕೇಳಿ ಆ ಅಂಕಿಯಿಂದ ಲೆಕ್ಕದ ತೂಕ ಹೊಂದಿಸಿದೆವು. ಬೀಜ ಅವರದು, ನೆಲ ಅವರದು. ಫಸಲು ಯಾರ ಕಣಜಕ್ಕೆ ಹೋಯಿತು?

ಇದು ಇಂದು ನಿನ್ನೆಯದಲ್ಲ. 1986ರಲ್ಲಿ ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು ಮದ್ರಾಸಿನ ಲೈಂಗಿಕ ಕಾರ್ಯಕರ್ತೆಯರ ರಕ್ತದಲ್ಲಿ. ಸೂಕ್ಷ್ಮಜೀವಿ ತಜ್ಞೆ ಸುನೀತಿ ಸೊಲೊಮನ್ ಅವರ ಮಾರ್ಗದರ್ಶನದಲ್ಲಿ ನಿರ್ಮಲಾ ಎಂಬ ವಿದ್ಯಾರ್ಥಿನಿ ಸ್ಯಾಂಪಲ್ ಹುಡುಕಿ ಹೊರಟರು. ಮದ್ರಾಸಿನಲ್ಲಿ ಮುಂಬಯಿಯಂತೆ ಕೆಂಪುದೀಪದ ಪೇಟೆ ಇರಲಿಲ್ಲ. ಹೆಚ್ಚಿನ ಹೆಂಗಸರು ಸಿಕ್ಕಿದ್ದು ಪೊಲೀಸರು ಹಿಡಿದು ತಂದು ಕೂಡಿಹಾಕುತ್ತಿದ್ದ ರಿಮ್ಯಾಂಡ್ ಹೋಮಿನಲ್ಲಿ. ಪರೀಕ್ಷೆ ಯಾವುದಕ್ಕೆಂದು ಅವರಿಗೆ ಹೇಳಲಿಲ್ಲ. ಕೈಗವಸು ಕೂಡ ಇಲ್ಲದೆ ದುಡಿದ ಆ ಹೆಣ್ಣುಮಗಳ ಧೈರ್ಯ ದೊಡ್ಡದು, ಆಕೆಯ ಮೇಲೆ ನನ್ನ ಸಿಟ್ಟಿಲ್ಲ. ಸಿಟ್ಟು ಮುಂದಿನದರ ಮೇಲೆ. ರೋಗ ಗೊತ್ತಾದ ಮೇಲೆ ಸರ್ಕಾರ ಸೋಂಕಿತ ಹೆಂಗಸರನ್ನು ಬಿಡದೆ ಒಳಗೇ ಇಟ್ಟುಕೊಂಡಿತು. ಅವರನ್ನು ಹೊರತರಲು ಪತ್ರಕರ್ತೆ ಶ್ಯಾಮಲಾ ನಟರಾಜ್ ಮದ್ರಾಸ್ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ದೇಶ ಎಚ್ಚೆತ್ತದ್ದು ಅವರ ರಕ್ತದಿಂದ, ಅವರ ಪಾಲಿಗೆ ಬಂದದ್ದು ಬೀಗ.

ನಮ್ಮ ರಾಜ್ಯವೇನು ಬೇರೆಯೇ? 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿಸಿ ಅನುಮಾನ ಬಂದ ಹಿಜ್ರಾಗಳ ಹೆಸರು, ವಿಳಾಸ ಬರೆದಿಡುವ ಅಧಿಕಾರವನ್ನು ಪೊಲೀಸರ ಕೈಗೆ ಕೊಟ್ಟರು. ಬ್ರಿಟಿಷರು 1871ರ ಅಪರಾಧಿ ಬುಡಕಟ್ಟು ಕಾಯ್ದೆಯಲ್ಲಿ ಮಾಡಿದ್ದೂ ಇದನ್ನೇ. ಇಂಥ ನೆಲದಲ್ಲಿ ನಾವು 'ಮ್ಯಾಪಿಂಗ್' ಎಂದು ಹಾಟ್‌ಸ್ಪಾಟ್‌ಗಳ ನಕ್ಷೆ ಬರೆದೆವು: ಯಾವ ಮರದಡಿ, ಯಾವ ಟಾಕೀಸಿನ ಪಕ್ಕ, ಸಂಜೆ ಎಷ್ಟು ಗಂಟೆಗೆ ಎಷ್ಟು ಜನ. ಆ ನಕ್ಷೆ ಆಸ್ಪತ್ರೆಯ ಕಪಾಟಿನಲ್ಲಿದ್ದರೆ ಔಷಧಿ, ಠಾಣೆಯ ಮೇಜಿನ ಮೇಲಿದ್ದರೆ ರೇಡ್.

2017ರ ಎಚ್‌ಐವಿ ಕಾಯ್ದೆ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಕೂಡದು ಎನ್ನುತ್ತದೆ. ಅದರ 6ನೆಯ ಕಲಮು ಹೆಸರಿಲ್ಲದ ಸಮೀಕ್ಷೆಗೆ ವಿನಾಯಿತಿ ಕೊಡುತ್ತದೆ, ಉದ್ದೇಶ ತಿಳಿಸಿದರೆ ಸಾಕಂತೆ. ಹೆಸರು ಅಳಿಸುವುದು ಆಕೆಯ ರಕ್ಷಣೆಗೆ ಎಂಬುದನ್ನು ಒಪ್ಪುತ್ತೇನೆ. ಆದರೆ ಫಲಿತಾಂಶ ಆಕೆಗೆ ಮುಟ್ಟಲು ಬೇರೆ ದಾರಿ ಮಾಡದೆ ಹೆಸರನ್ನಷ್ಟೇ ಅಳಿಸಿದರೆ ರಕ್ಷಣೆ ಸಿಕ್ಕಿದ್ದು ನಮಗೆ. ಅಕ್ಕನ ಎದುರು 'ಗೊತ್ತಾಗಂಗಿಲ್ಲ' ಎಂದು ಕೈಚೆಲ್ಲುವ ಅನುಕೂಲ ಸಿಕ್ಕಿದ್ದು ನನಗೆ.

ಅಕ್ಕನಂತೆ ಎದುರು ಪ್ರಶ್ನೆ ಹಾಕಿದವರು ಬೇರೆ ಕಡೆಯೂ ಇದ್ದರು. 2004ರಲ್ಲಿ ಕಾಂಬೋಡಿಯಾದ ನಾಮ್ ಪೆನ್ ನಗರದಲ್ಲಿ ಲೈಂಗಿಕ ಕಾರ್ಯಕರ್ತೆಯರ ಮೇಲೆ ಎಚ್‌ಐವಿ ತಡೆಯುವ ಟೆನೊಫೊವಿರ್ ಮಾತ್ರೆಯ ಪ್ರಯೋಗಕ್ಕೆ ಸಿದ್ಧತೆ ನಡೆದಿತ್ತು. ಆ ಹೆಂಗಸರ ಸಂಘಟನೆ ಎದ್ದು ನಿಂತು ಕೇಳಿತು: ಅಡ್ಡಪರಿಣಾಮವಾದರೆ ನೋಡಿಕೊಳ್ಳುವವರು ಯಾರು? 30 ವರ್ಷದ ವಿಮೆ ಕೊಡಿ. ಕೊಡಲಿಲ್ಲ. ಪ್ರಯೋಗ ನಿಂತಿತು. ಆ ಮಾತ್ರೆ ಮುಂದೆ ಜಗತ್ತಿನ ಉಪಯೋಗಕ್ಕೆ ಬಂದದ್ದು ನಿಜ, ಆದರೂ ಆ ಹೆಂಗಸರ ಪ್ರಶ್ನೆ ಅಂದೂ ಸರಿ, ಇಂದೂ ಸರಿ.

ಮೈಸೂರಿನ ಅಶೋದಯ, ಕಲ್ಕತ್ತೆಯ ದುರ್ಬಾರ್ ಸಂಘಟನೆಗಳಲ್ಲಿ ಲೈಂಗಿಕ ಕಾರ್ಯಕರ್ತೆಯರೇ ಆರೋಗ್ಯದ ಕೆಲಸ ನಡೆಸಿ ತೋರಿಸಿದ್ದಾರೆ. ಹಾಗಿರುವಾಗ ಮುಂದಿನ ಸಮೀಕ್ಷೆ ಬೆಂಗಳೂರಿನ ಎ.ಸಿ. ಕೋಣೆಯಲ್ಲಿ ತಯಾರಾಗಿ ಓಣಿಗೆ ಇಳಿಯುವುದು ಬೇಡ. ಅನುಮತಿ ಕೊಡುವ ಸಮಿತಿಯ ಮೇಜಿಗೆ ಆಕೆಯನ್ನು ಕರೆಯಿರಿ. ಬಸ್ ಚಾರ್ಜು ಕೊಡಿ, ದಿನದ ದುಡಿಮೆ ತಪ್ಪಿದ್ದಕ್ಕೆ ಕೂಲಿ ಕೊಡಿ, ಕನ್ನಡದಲ್ಲಿ ಮಾತಾಡಿ. ಪ್ರಶ್ನಾವಳಿಯ ಮೊದಲ ಪ್ರಶ್ನೆ ಆಕೆಯದಿರಲಿ. ಆಕೆ 'ಬ್ಯಾಡ' ಅಂದರೆ ಫೈಲು ಮುಚ್ಚಿ ಎದ್ದು ಬನ್ನಿ.